ಒಂದು ಇಂಚು ಹನ್ನೆರಡು ಸೆಂಟು

ಗೆಳೆಯಾ,

ಮೊನ್ನೆ ಫೋನಿನಲ್ಲಿ ಪೂರ್ತಿ ನೀನೇ ಮಾತಾಡಿದೆ, ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಅದಕ್ಕೇ ಈ ಕಾಗದ. ಹಾಸನಕ್ಕೆ ಬಂದ ಮೇಲೆ ಮಗನಿಗೆ ಒಂದೆರಡು ವರ್ಷ ಮನೆಯಲ್ಲೇ ಕಲಿಸೋಣ ಅಂತ ಗಂಡ ಹೆಂಡತಿ ತೀರ್ಮಾನ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಆನ್‌ಲೈನಲ್ಲಿ ತರಿಸಬೇಕಾದ ಕಿಟ್‌ಗಳ ಪಟ್ಟಿ ಓದಿದೆಯಲ್ಲ, ನಗು ತಡೆಯಲಾಗಲಿಲ್ಲ. ನಾಲ್ಕು ವರ್ಷದ ಹುಡುಗನಿಗೆ ಅಷ್ಟೆಲ್ಲಾ ಯಾಕೆ ಮಾರಾಯ?

ನಮ್ಮ ಮಗಳಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಅವಳಿಗಾಗಿಯೇ ಹುಟ್ಟಿಸಿದ ಚಟುವಟಿಕೆ ಬೇಗ ಬೇಜಾರಾಗುತ್ತದೆ. ಮನೆಗೆ ನಿಜವಾಗಿ ಬೇಕಾದ ಕೆಲಸ ಕೊಟ್ಟರೆ ಬೇಡ ಅಂದರೂ ಬಿಡುವುದಿಲ್ಲ.

ಮಳೆ ಅಳೆಯುವುದನ್ನೇ ತೆಗೆದುಕೋ. ನಮ್ಮ ಮೂಡಿಗೆರೆ ಕಡೆ ತೋಟದವರಿಗೆ ಮಳೆ ಅಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮಳೆಗಾಲದಲ್ಲಿ ಯಾರು ಫೋನು ಮಾಡಿದರೂ ಮೊದಲ ಮಾತು "ನಿಮ್ಮಲ್ಲಿ ಎಷ್ಟಾಯ್ತು?" ಅಪ್ಪ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತಿದ್ದರು. ಈಗ ಆ ಕೆಲಸ ಮೊಮ್ಮಗಳದು. ನೀರಿನ ಮಟ್ಟಕ್ಕೆ ಕಣ್ಣು ಬರಬೇಕು, ಮೇಲಿಂದ ನೋಡಿದರೆ ಲೆಕ್ಕ ತಪ್ಪುತ್ತದೆ ಅಂತ ಅಪ್ಪ ಹೇಳಿಕೊಟ್ಟಿದ್ದಾರೆ. ಅದಕ್ಕೆ ಅಳತೆ ಗಾಜನ್ನು ಜಗಲಿ ಮೇಲಿಟ್ಟು, ತಾನು ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಓದುತ್ತಾಳೆ. ಆಮೇಲೆ "ಒಂದು ಇಂಚು ಹನ್ನೆರಡು ಸೆಂಟು" ಅಂತ ಕೂಗು. 1.12 ಬರೆಯುವಾಗ ನಡುವಿನ ಚುಕ್ಕಿ ಕಾಫಿ ಹಣ್ಣಿನಷ್ಟು ದಪ್ಪ. ದಶಮಾಂಶ ಅನ್ನೋ ಶಬ್ದವನ್ನು ಅವಳೆದುರು ಯಾರೂ ಎತ್ತಿಲ್ಲ. 98 ಸೆಂಟಿಗೆ ಇನ್ನೆರಡು ಸೇರಿದರೆ ಇಂಚು ತುಂಬುತ್ತದೆ ಅನ್ನೋದು ಮಾತ್ರ ಗೊತ್ತು. ತಪ್ಪು ಬರೆದರೆ ತಾತ ಬೈಯುತ್ತಾರೆ, ಯಾಕೆಂದರೆ ಆ ಲೆಕ್ಕ ಅವರಿಗೆ ಬೇಕು.

ನೀನು ಮಾಪಕ ಕೊಳ್ಳಬೇಡ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಸ್ಟೀಲ್ ಡಬ್ಬವನ್ನು ಸೂರಿನ ನೀರು, ಮರದ ಹನಿ ಬೀಳದ ಕಡೆ ಇಡು. ಬೆಳಿಗ್ಗೆ ಸ್ಕೇಲ್ ಇಳಿಸಿ ನೋಡಿದರೆ ಆಯಿತು. ಸ್ಕೇಲಿನ ತುದಿಯಲ್ಲೇ ಸೊನ್ನೆ ಇರಲಿ, ಕೆಲವದರಲ್ಲಿ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಡಬ್ಬ ಅಗಲ ಇದ್ದರೂ ಸಣ್ಣದಿದ್ದರೂ ನೀರಿನ ಆಳ ಒಂದೇ ಬರುತ್ತದೆ. ಇದನ್ನು ಅವನಿಗೆ ಹೇಳಲು ಹೋಗಬೇಡ. ಎರಡು ಡಬ್ಬ ಪಕ್ಕಪಕ್ಕ ಇಟ್ಟು ಸುಮ್ನೆ ಕೂತುಕೋ. ಆಮೇಲೆ ನಮ್ಮವಳಿಗೆ ಫೋನು ಮಾಡಲಿ. ಹಾಸನದ ಮಳೆ ನಮ್ಮ ಮಳೆಗೆ ಲೆಕ್ಕಕ್ಕಿಲ್ಲ ಅಂತ ಅವಳು ಜಂಬ ಕೊಚ್ಚಿಕೊಳ್ಳುವುದು ಗ್ಯಾರಂಟಿ.

ಬರವಣಿಗೆಗೆ ಅವಸರ ಮಾಡಬೇಡ. ಮೊದಲು ಬೆರಳಿಗೆ ಬಲ ಬರಲಿ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿದುಕಲು ಕೂರಿಸು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತದೆ. ಪೆನ್ಸಿಲ್ ಹಿಡಿಯುವುದಕ್ಕೂ ಆ ಬೆರಳುಗಳೇ ಬೇಕು. ಅರ್ಧ ಬೇಳೆ ನೆಲದ ಮೇಲಿರುತ್ತದೆ, ಇರಲಿ ಬಿಡು.

ಅಕ್ಷರ ಶುರು ಮಾಡುವಾಗ ಅ ಆ ಇ ಈ ಅಂತಲೇ ಹೋಗಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ಪದ್ಧತಿ ನೋಡು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಇಷ್ಟು ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. ನಮ್ಮವಳು ತಟ್ಟೆಯಲ್ಲಿ ರಾಗಿ ಹರವಿ ಬೆರಳಲ್ಲಿ ಬರೆದಳು, ಆಮೇಲೆ ಚೀಟಿ ಬರೆದು ಕೊಟ್ಟಿಗೆಯ ಗರಗಸಕ್ಕೆ ಅಂಟಿಸಿ ಬಂದಳು. ಇಂಗ್ಲಿಷ್ ಮೀಡಿಯಂ ಗುಂಗಿನಲ್ಲಿ ನಾವು ಇಂಥದ್ದನ್ನು ತಿರುಗಿಯೂ ನೋಡುವುದಿಲ್ಲ, ಅಲ್ವಾ?

ಕೂಡುವ ಲೆಕ್ಕಕ್ಕೆ ಚೌಕಾಬಾರ ಸಾಕು. ನಾಲ್ಕು ಕವಡೆ, ಎಲ್ಲಾ ಅಂಗಾತ ಬಿದ್ದರೆ ನಾಲ್ಕು, ಎಲ್ಲಾ ಬೋರಲಾದರೆ ಎಂಟು. ನಿಮ್ಮತ್ತೆಯನ್ನೂ ಆಟಕ್ಕೆ ಎಳೆದುಕೋ, "ಪಕ್ಕದ ಮನೆ ಹುಡುಗ ಆಗಲೇ ಎಬಿಸಿಡಿ ಬರೀತಾನೆ" ಅನ್ನುವುದು ಸ್ವಲ್ಪ ಕಡಿಮೆಯಾಗಬಹುದು. ಅಳಗುಳಿ ಮಣೆ ಇದ್ದರೆ ಹುಣಸೆ ಬೀಜ ಹಾಕು. ಗುಲಗಂಜಿ ಮಾತ್ರ ಬೇಡ, ಅದು ವಿಷ.

ಹಳೇಬೀಡು ನಿನಗೆ ಹತ್ತಿರ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ತಳದಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ಮಕರ, ಹಂಸ. ಕೆಳಗಿನ ಸಾಲಿಗೆ ನಾವು ಬಗ್ಗಬೇಕು, ಮಕ್ಕಳಿಗೆ ಆ ಕಷ್ಟವಿಲ್ಲ. ಕಟ್ಟಿಸಿದ ರಾಜರು, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಇವೆಲ್ಲಾ ಈಗಲೇ ತುರುಕಬೇಡ. ಒಂದು ಆನೆಯ ಹಾಗೇ ಇನ್ನೊಂದು ಇದೆಯಾ ಹುಡುಕು ಅಂತ ಬಿಡು. ಒಂದು ಸಲಕ್ಕೆ ಒಂದೇ ಗೋಡೆ. ಗುಡಿ ಕಟ್ಟಿದ್ದು ಬಳಪದ ಕಲ್ಲಿನಿಂದ ಅಂತ ಹೇಳಿದರೆ ಆ ಗೋಡೆಯಲ್ಲಿ ಬರೆಯಬಹುದಾ ಅಂತ ಕೇಳಿಯೇ ಕೇಳುತ್ತಾನೆ, ಕೈ ಹಿಡಿದುಕೊಂಡಿರು.

ಕಾನೂನಿನ ಬಗ್ಗೆ ಕೇಳಿದೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ. ನಿನ್ನ ಮಗನಿಗೆ ಇನ್ನೂ ಸಮಯವಿದೆ. ಮುಂದೆಯೂ ಮನೆಪಾಠವೇ ಅಂದರೆ ಎನ್‌ಐಒಎಸ್ ಅನ್ನೋ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮವಾದ ಹಂತಗಳಿವೆ. ಹತ್ತನೇ ತರಗತಿ ಪರೀಕ್ಷೆಗೆ ಹದಿನಾಲ್ಕು ತುಂಬಿರಬೇಕು. ನಾವಂತೂ ಮುಂದಿನ ವರ್ಷ ಮಗಳನ್ನು ಊರ ಶಾಲೆಗೇ ಸೇರಿಸುತ್ತೇವೆ. ಇಲ್ಲಿ ಅವಳಿಗೆ ಜಗಳವಾಡಲು ಓರಗೆಯವರಿಲ್ಲ, ಅದನ್ನು ಅಪ್ಪ ಅಮ್ಮ ತುಂಬಿಕೊಡಲು ಆಗುವುದಿಲ್ಲ. ನೀನು ಪೇಟೆಯಲ್ಲಿದ್ದೀಯ, ಸಂಜೆ ಬೀದಿ ಮಕ್ಕಳ ಜೊತೆ ಬಿಡು.

ಇನ್ನೊಂದು ಮಾತು, ಸಿಟ್ಟಾಗಬೇಡ. ಫೋನಿನಲ್ಲಿ ಎಲ್ಲದಕ್ಕೂ "ಅವಳು ಮಾಡಿಸ್ತಾಳೆ" ಅಂದೆ. ಮನೆಪಾಠ ಅಂತ ಹೇಳಿ ಇಡೀ ದಿನ ಹೆಂಡತಿಯ ತಲೆಗೆ ಕಟ್ಟಬೇಡ. ಬೆಳಿಗ್ಗೆಯ ಡಬ್ಬ, ರಾತ್ರಿಯ ಚೌಕಾಬಾರ ನಿನ್ನ ಪಾಲಿಗಿರಲಿ.

ಡಿಸೆಂಬರಿನಲ್ಲಿ ಬನ್ನಿ, ಕಾಫಿ ಹಣ್ಣು ಬಿಡಿಸುವ ಕಾಲ. ಅವನ ಸೊಂಟಕ್ಕೂ ಒಂದು ಸಣ್ಣ ಚೀಲ ಕಟ್ಟೋಣ. ಬರುವಾಗ ಹಾಸನದಲ್ಲಿ ಕವಡೆ ಸಿಕ್ಕರೆ ತಾ. ನಮ್ಮವನ್ನು ನಾಯಿಮರಿ ಎಲ್ಲಿಗೋ ಹೊತ್ತೊಯ್ದಿದೆ, ಈಗ ಹುಣಸೆ ಬೀಜವನ್ನೇ ಒಂದು ಕಡೆ ತೇದು ಆಡುತ್ತಿದ್ದೇವೆ.

ಇಂತಿ,
ನಿನ್ನವ