ಅಪ್ಪನ ಕಣ್ಣಿನ ಆಪರೇಶನ್ನು ಅಡಿಕೆ ಕೊಯ್ಲಿಗೆ ಮುಂಚೆಯೇ ಆಗಲಿ

ಅಮ್ಮನಿಗೆ ನಮಸ್ಕಾರಗಳು. ನಾವು ಮೂವರೂ ಕ್ಷೇಮ. ರಘು ನಿನ್ನ ಪತ್ರದ ಫೋಟೋ ತೆಗೆದು ಶುಕ್ರವಾರ ಕಳಿಸಿದ. ಆಫೀಸಿನಲ್ಲಿ ಊಟದ ಹೊತ್ತಿಗೆ ಓದಿದೆ. ಅಪ್ಪನ ಕಣ್ಣಿನ ಪೊರೆಯ ಆಪರೇಶನ್ನು ಡಾಕ್ಟರು ಮುಂದೆ ಹಾಕಿದ್ದು, ಅಪ್ಪ ಹಳ್ಳ ದಾಟುವ ಸಂಕದ ಮೇಲೆ ಕಾಲು ಜಾರಿದ್ದು, ಮಂಡಿ ತರಚಿದ್ದು, "ಮಗಳಿಗೆ ತಿಳಿಸಬೇಡ" ಅಂದದ್ದು ಎಲ್ಲ ಓದಿದ ಮೇಲೆ ಊಟ ಸೇರಲಿಲ್ಲ. ಆಗಲೇ ಫೋನ್ ಮಾಡೋಣ ಅಂದುಕೊಂಡೆ, ಅಲ್ಲಿ ರಾತ್ರಿ ಹತ್ತೂವರೆ ಆಗಿತ್ತು. ಮಲಗಿರುತ್ತೀರಿ ಅಂತ ಸುಮ್ಮನಾದೆ.

ಶನಿವಾರ ಮನೆಗೆ ಇವರ ಆಫೀಸಿನವರು ಆರು ಜನ ಬರುವವರಿದ್ದರು. ಬಂದವರಿಗೆ ಬ್ರೆಡ್ಡು ಕೊಡುವುದಾ, ಕುಂಬಳಕಾಯಿ ಬ್ರೆಡ್ಡಿನ ಮೇಲೆ ಹಾಕುವುದಾ, ಮರ್ಯಾದೆ ಇರುತ್ತದಾ ಅಂತ ಕೇಳಿದ್ದೀಯ. ಇರುತ್ತದೆ ಅಮ್ಮ, ಚೆನ್ನಾಗಿಯೇ ಇರುತ್ತದೆ! ಇಲ್ಲಿ ಬಂದವರನ್ನು ನೇರ ಊಟಕ್ಕೆ ಕೂರಿಸುವುದಿಲ್ಲ. ಮೊದಲು ಅರ್ಧ ಗಂಟೆ ನಿಂತುಕೊಂಡೇ ಮಾತಾಡುತ್ತಾರೆ, ಒಂದೊಂದು ತುತ್ತಿನಂಥದ್ದು ಕೈಯಲ್ಲಿ ಹಿಡಿದು ತಿನ್ನುತ್ತಾರೆ. ಅದು ನೋಡುವುದಕ್ಕೂ ಚಂದ ಇರಬೇಕು. ನಮ್ಮಲ್ಲಿ ಪಾನಕ, ಕೋಸಂಬರಿ ಕೊಟ್ಟ ಹಾಗೆ ಅಂದುಕೋ.

ಈ ಕುಂಬಳಕ್ಕೆ ಬಟರ್‌ನಟ್ ಅಂತಾರೆ. ಆಕಾರ ಸೋರೆಕಾಯಿಯದು, ಬುಡದಲ್ಲಿ ದಪ್ಪ, ಸಿಪ್ಪೆ ಕೆನೆಯ ಬಣ್ಣ. ಒಳಗೆ ಮಾತ್ರ ನಮ್ಮ ಸಿಹಿಗುಂಬಳದ್ದೇ ಕೇಸರಿ. ಈ ತಳಿ ಹುಟ್ಟಿದ್ದೇ ನಾವಿರುವ ಮ್ಯಾಸಚೂಸೆಟ್ಸ್‌ನಲ್ಲಿ ಗೊತ್ತಾ? 1940ರ ದಶಕದಲ್ಲಿ ಸ್ಟೋ ಅನ್ನುವ ಊರಿನಲ್ಲಿ ಚಾರ್ಲ್ಸ್ ಲೆಗೆಟ್ ಅನ್ನುವವರು ಬೆಳೆಸಿದ್ದು. ನಮ್ಮೂರಿನದೇ ಬೆಳೆ ಅನ್ನುವ ಹಾಗೆ ಇಲ್ಲಿಯವರಿಗೂ ಅದರ ಮೇಲೆ ಅಭಿಮಾನ.

ಸಿಪ್ಪೆ ಗಟ್ಟಿ. ಹೆಚ್ಚುವಾಗ ಮೆಟ್ಟುಗತ್ತಿ ಇದ್ದಿದ್ದರೆ ಅಂತ ಅನ್ನಿಸಿತು. ಅಷ್ಟು ಅನ್ನಿಸಿದ್ದೇ ತಡ, ಅಪ್ಪ ಕಣ್ಣಮುಂದೆ ಬಂದರು. ರಾತ್ರಿ ಒಂದು ಬಲ್ಬಿನ ಕೆಳಗೆ ಅದೇ ಮೆಟ್ಟುಗತ್ತಿ ಮೆಟ್ಟಿಕೊಂಡು ಅಡಿಕೆ ಸುಲಿಯುವವರು. ಬಲ್ಬಿನ ಸುತ್ತ ಬಳೆ ಕಂಡ ಹಾಗೆ ಆಗುತ್ತದೆ ಅಂತ ಅವರೇ ಹೇಳಿದ್ದಾರೆ ಅಂತ ಬರೆದಿದ್ದೀಯಲ್ಲ, ಆ ಕಣ್ಣಿನಲ್ಲಿ ಈ ವರ್ಷವೂ ಸುಲಿಯುತ್ತಾರಾ? ಬೆರಳು ಹೋದರೆ ಏನು ಮಾಡುವುದು?

ಇರಲಿ, ಮೊದಲು ಅಡುಗೆ ಹೇಳಿ ಮುಗಿಸುತ್ತೇನೆ. ಹೋಳು ಉಗುರಿನಷ್ಟು ಇರಬೇಕು. ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸವರಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಬೇಕು. ಒತ್ತೊತ್ತಾಗಿ ಹಾಕಿದರೆ ತನ್ನ ನೀರಿನಲ್ಲಿ ತಾನೇ ಬೆಂದು ಪಲ್ಯ ಆಗಿಬಿಡುತ್ತದೆ. ಓವನ್‌ನಲ್ಲಿ ನಮ್ಮ ಲೆಕ್ಕದ 200 ಡಿಗ್ರಿಗೆ ಅರ್ಧ ಗಂಟೆ, ಅಂಚು ಕಂದು ಆಗುವವರೆಗೆ. ಬ್ರೆಡ್ಡು ಉದ್ದದ್ದು, ಓರೆಯಾಗಿ ಅರ್ಧ ಬೆರಳು ದಪ್ಪ ಕತ್ತರಿಸಿ, ಎಣ್ಣೆ ಸವರಿ, ಎಂಟು ನಿಮಿಷ. ಅಂಚು ಗರಿಗರಿ, ನಡು ಸ್ವಲ್ಪ ಮೆತ್ತಗೆ ಇರಬೇಕು, ಇಲ್ಲದಿದ್ದರೆ ಅಂಗುಳು ಗೀರುತ್ತದೆ. ಬಿಸಿ ಇರುವಾಗಲೇ ಹಸಿ ಬೆಳ್ಳುಳ್ಳಿ ಎಸಳು ತಿಕ್ಕಿದರೆ ತುರಿಮಣೆಗೆ ಉಜ್ಜಿದ ಹಾಗೆ ಸವೆದು ಬ್ರೆಡ್ಡಿಗೆ ಹಿಡಿಯುತ್ತದೆ. ಅದರ ಮೇಲೆ ರಿಕೋಟಾ. ಹಾಲು ಒಡೆದು ಮಾಡಿದ ಮೆತ್ತಗಿನ ಚೀಸು, ನಿಂಬೆ ಸಿಪ್ಪೆ ತುರಿದು ಉಪ್ಪು ಹಾಕಿ ಕಡೆದದ್ದು. ಕೆಲವು ಚೀಸಿಗೆ ಕರುವಿನ ಹೊಟ್ಟೆಯ ರಸ ಹಾಕುತ್ತಾರೆ. ನಾನು ಡಬ್ಬಿಯ ಮೇಲೆ ಬರೆದದ್ದು ಪೂರ್ತಿ ಓದಿಯೇ ತಂದೆ, ಇದಕ್ಕೆ ಬರೀ ಹುಳಿ ಹಾಕಿ ಒಡೆಸಿದ್ದಾರೆ. ಆ ಚಿಂತೆ ನಿನಗೆ ಬೇಡ.

ಕೊನೆಗೆ ಸೇಜ್ ಅನ್ನುವ ಎಲೆ ಬೆಣ್ಣೆಯಲ್ಲಿ ಕರಿದು ಇಡಬೇಕು. ಚಟಪಟ ನಿಂತ ಕೂಡಲೇ ತೆಗೆಯಬೇಕು, ಥೇಟ್ ಕರಿಬೇವು. ಮೇಲೆ ಮೇಪಲ್ ಪಾಕಕ್ಕೆ ಒಣಮೆಣಸಿನ ಚೂರು ಹಾಕಿ ಹನಿಸಿದೆ. ಈ ಪಾಕ ಮೇಪಲ್ ಮರದ ರಸ ಕುದಿಸಿ ಮಾಡುವುದು. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಆಲೆಮನೆಯ ಜೋನಿ ಬೆಲ್ಲದ ಹಾಗೇ ಇರುತ್ತದೆ, ಆದರೆ ತೆಳು. ಎಲ್ಲ ತಯಾರಿಟ್ಟುಕೊಂಡು ಜನ ಬಂದ ಮೇಲೆ ಜೋಡಿಸಬೇಕು, ಮೊದಲೇ ಜೋಡಿಸಿದರೆ ಬ್ರೆಡ್ಡು ಮೆತ್ತಗಾಗುತ್ತದೆ. ಕೇಸರಿ, ಬಿಳಿ, ಹಸಿರು, ನೋಡುವುದಕ್ಕೇ ಹಬ್ಬ. 24 ಮಾಡಿದ್ದೆ, ಒಂದೂ ಉಳಿಯಲಿಲ್ಲ.

ಬಂದವರಲ್ಲಿ ಒಬ್ಬರು ಅಪ್ಪನ ವಯಸ್ಸಿನವರು. ಕಿಟಕಿಯ ಹತ್ತಿರ ನಿಂತು ಹೊರಗಿನ ಮೇಪಲ್ ಮರ ನೋಡುತ್ತಿದ್ದರು, ಈಗ ಎಲೆಯೆಲ್ಲ ಕೆಂಪಾಗಿದೆ. "ಆಗಸ್ಟ್‌ನಲ್ಲಿ ಪೊರೆ ತೆಗೆಸಿದೆ, ಈ ಕೆಂಪು ನಾನು ನೋಡಿ ಎಷ್ಟೋ ವರ್ಷ ಆಗಿತ್ತು" ಅಂದರು. ಬಿಳಿ ಗೋಡೆ ಕೂಡ ಹಳದಿ ಕಾಣುತ್ತಿತ್ತಂತೆ. ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು ಅಮ್ಮ. ಕೆಳಗೆ ನಿಂತು ತಲೆ ಎತ್ತಿ, ಅಡಿಕೆ ಕೊನೆ ಬಲಿತಿದೆಯೋ ಇಲ್ಲವೋ ಹೇಳುವ ಅಪ್ಪನಿಗೆ ಈಗ ಏನು ಕಾಣುತ್ತಿರಬಹುದು?

ಅವರ ಹತ್ತಿರ ಎಲ್ಲ ಕೇಳಿದೆ. ಹನಿ ಹಾಕಿ ಮರಗಟ್ಟಿಸುತ್ತಾರೆ. ಒಂದು ಕಣ್ಣಿಗೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲವಂತೆ, ಅವತ್ತೇ ಮನೆಗೆ ಬಂದರಂತೆ. ಪೊರೆ ಬಲಿಯಲಿ ಅಂತ ಅಪ್ಪ ಕಾಯುತ್ತಿದ್ದಾರಲ್ಲ, ಅದು ಹಳೇ ಕಾಲದ ಮಾತು. ಬಲಿತಷ್ಟೂ ಗಟ್ಟಿಯಾಗಿ ತೆಗೆಯುವುದು ಕಷ್ಟ. ಸಕ್ಕರೆ ಮಾತ್ರ ಹತೋಟಿಯಲ್ಲಿ ಇರಬೇಕು, ಅದಕ್ಕೇ ಡಾಕ್ಟರು ಮುಂದೆ ಹಾಕಿದ್ದು. ಆದ್ದರಿಂದ ಮೊದಲು ಸಕ್ಕರೆ. ಮಧ್ಯಾಹ್ನ ಅನ್ನ ಅರ್ಧ ಮಾಡು, ಸಂಜೆ ಕಾಫಿಗೆ ಬೆಲ್ಲ ಬೇಡವೇ ಬೇಡ, ಮಾತ್ರೆ ನೀನೇ ಕೈಗೆ ಕೊಡು.

ಕೊಯ್ಲು ಮುಗಿಯಲಿ ಅಂದರೆ ಒಪ್ಪಬೇಡ. ಕೊಯ್ಲಿಗೆ ಇನ್ನೂ ಒಂದು ತಿಂಗಳ ಮೇಲಿದೆ. ಈಗಲೇ ಆದರೆ ಹನಿ ಹಾಕುವ ದಿನಗಳು ಅಷ್ಟರಲ್ಲಿ ಮುಗಿಯುತ್ತವೆ. ಆಮೇಲೆ ಅಂದರೆ ಅಂಗಳದ ತುಂಬ ಧೂಳು, ಒಲೆಯ ಹೊಗೆ, ಆಗ ಕಣ್ಣು ಕಾಪಾಡುವುದು ಹೇಗೆ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಹತ್ತಿರ ರಘು ಮಾತಾಡಲಿ, ಸುಲಿಯುವುದಕ್ಕೆ ಆಳು ಹಿಡಿಯಲಿ. ದುಡ್ಡು ರಘು ಖಾತೆಗೆ ಹಾಕಿದ್ದೇನೆ, 40,000. ಸಾಲದಿದ್ದರೆ ಹೇಳು, ಸಂಕೋಚ ಬೇಡ. ಸಂಕಕ್ಕೆ ಹಿಡಿದುಕೊಂಡು ದಾಟುವುದಕ್ಕೆ ಒಂದು ಕೈತಾಂಗು ಕಟ್ಟಿಸಿ, ಅದು ಇವತ್ತೇ ಆಗಬೇಕು.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡ. ಚಳಿ ಅಷ್ಟೇನೂ ಇಲ್ಲ, ಬೆಳಿಗ್ಗೆ ಐದು ಡಿಗ್ರಿ ಅಷ್ಟೇ. ಸ್ವೆಟರ್ ಇದೆ, ಕೋಟಿದೆ, ಮನೆಯೊಳಗೆ ಬೆಚ್ಚಗಿದೆ. ಚೆನ್ನಾಗಿ ಉಣ್ಣುತ್ತೇನೆ, ನಿದ್ದೆ ಬರುತ್ತದೆ, ಎಲ್ಲ ಸರಿ ಇದೆ. ಅಪ್ಪನಿಗೂ ಏನೂ ಆಗುವುದಿಲ್ಲ, ಖಂಡಿತ ಆಗುವುದಿಲ್ಲ, ನೀನು ಅಳಬೇಡ.

ಪುಟ್ಟಿಯ ಸ್ಕೂಲ್ ಬಸ್ಸು ಬರುವ ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಡಾಕ್ಟರ ಹತ್ತಿರ ದಿನ ಕೇಳಿಟ್ಟಿರು. ಅತ್ತೆಗೆ, ಸುಬ್ಬಣ್ಣ ಮಾವನಿಗೆ ನಮಸ್ಕಾರ ತಿಳಿಸು. ಈ ಪತ್ರ ಅಪ್ಪನಿಗೆ ಓದಿ ಹೇಳು, ಮೆಟ್ಟುಗತ್ತಿಯ ಮಾತು ಬಿಡದೆ.

ನಿನ್ನ ಮಗಳು