ಈ ತಿಂಗಳು ಕಾದಂಬರಿ ಬಿಟ್ಟು ಕುಮಾರವ್ಯಾಸ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕಿನಲ್ಲಿ ಸೇರೋಣ. ಕುಮಾರವ್ಯಾಸ ಭಾರತದ ಉದ್ಯೋಗಪರ್ವದಲ್ಲಿ ಬರುವ ಕೃಷ್ಣ–ಕರ್ಣರ ಮಾತಿನ ಭಾಗ ಓದಿಕೊಂಡು ಬನ್ನಿ. ಹೊಸ ಓದುಗರನ್ನು ಅಷ್ಟು ಬೇಗ ಹಿಡಿದಿಡುವ ಭಾಗ ಇನ್ನೊಂದಿಲ್ಲ.

ಕಾದಂಬರಿಯ ವೇಗದಲ್ಲಿ ಕಣ್ಣಾಡಿಸಿದರೆ ಎರಡನೇ ಪುಟಕ್ಕೇ ಸುಸ್ತು, ಏಕೆಂದರೆ ಸಂಧಿ (ಒಂದಾಗಿ ಸೇರಿಕೊಂಡ ಪದಗಳು) ಬಿಡಿಸದೆ ಅರ್ಥ ಸಿಗುವುದಿಲ್ಲ. ಮೊದಲು ಗದ್ಯಾನುವಾದ, ಆಮೇಲೆ ದಿನಕ್ಕೆ ನಾಲ್ಕೈದು ಪದ್ಯ, ಗಟ್ಟಿಯಾಗಿ.

ಈ ಕಾವ್ಯದ ಛಂದಸ್ಸು ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ. ಅದರ ಮಾತ್ರೆಗಳನ್ನು ತೊಡೆ ತಟ್ಟಿ ಎಣಿಸಿ (ಲಘು ಅಂದರೆ ಒಂದು ಮಾತ್ರೆಯ ಅಕ್ಷರ, ಗುರು ಅಂದರೆ ಎರಡು ಮಾತ್ರೆಯದು): 1, 2, 4, 5ನೇ ಸಾಲಿನಲ್ಲಿ ಮಾತ್ರೆಗಳ ಗುಂಪು 3-4-3-4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3-4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಆ ಕೊನೆಯ ಗುರುವನ್ನು ಎಳೆದು ನಿಲ್ಲಿಸಿ, ಎಷ್ಟು ಚೆಂದ ಕೇಳುತ್ತೆ ನೋಡಿ! ಲೆಕ್ಕ ತಪ್ಪಿದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘು ಅಂತ ಎಣಿಸಿರುತ್ತೀರಿ, ಅದು ಗುರು.

ಪೆನ್ಸಿಲ್ ತನ್ನಿ.