ಜೋಳದ ಹೊಲದ ಗುಂಪಿನಲ್ಲಿ ಕೆಂದಲೆ ಬಂಟಿಂಗ್ ಹುಡುಕುವಾಗ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಕಟ್ಟಿದೆ. ಚಳಿಗಾಲಕ್ಕೆ ವಲಸೆ ಬರುವ, ಗುಬ್ಬಿಯಂಥ ಕಾಳು ತಿನ್ನುವ ಬಂಟಿಂಗ್ ಹಕ್ಕಿಗಳ ದೊಡ್ಡ ಗುಂಪುಗಳೂ ಇಳಿದಿವೆ. ಹೆಚ್ಚಿನವು ಕರಿತಲೆ ಬಂಟಿಂಗ್. ಅವುಗಳ ನಡುವೆ ಒಂದೆರಡು ಕೆಂದಲೆ ಬಂಟಿಂಗ್ ಇರಬಹುದು, ಅದಕ್ಕೇ ಈ ಮಾತು.

ಗಂಡು ಸುಲಭ. ಕರಿತಲೆಗೆ ಬೆನ್ನು ಇಟ್ಟಿಗೆ ಕೆಂಪು, ತಲೆ ಕಪ್ಪು. ಚಳಿಗಾಲದಲ್ಲಿ ಗರಿಯಂಚು ಮಾಸಲು ಇರುವುದರಿಂದ ಆ ಕಪ್ಪು ಪೂರ್ತಿ ಕಾಣುವುದಿಲ್ಲ, ಮೋಸ ಹೋಗಬೇಡಿ. ಕೆಂದಲೆಗೆ ಮುಖದಿಂದ ಎದೆಯವರೆಗೂ ಕೆಂಗಂದು, ಬೆನ್ನು ಹಸಿರು ಮಿಶ್ರಿತ, ಅದರ ಮೇಲೆ ಗೆರೆಗಳು.

ಹೆಣ್ಣು ಮತ್ತು ಮರಿಗಳೇ ನಿಜವಾದ ಕಷ್ಟ. ಎರಡೂ ಜಾತಿಯವು ಮಣ್ಣು ಬಣ್ಣದವೇ, ಅಲ್ವಾ? ಬೆನ್ನು, ಸೊಂಟದಲ್ಲಿ (ಬಾಲದ ಬುಡದ ಮೇಲ್ಭಾಗ) ಕೆಂಪು ಛಾಯೆ ಇದ್ದರೆ ಕರಿತಲೆ ಇರಬಹುದು. ಸೊಂಟ ಹಳದಿ ಹಸಿರು, ಕೊಕ್ಕು ಗಿಡ್ಡ ಎನಿಸಿದರೆ ಕೆಂದಲೆ ಇರಬಹುದು. ಬರೀ ಇಷ್ಟರ ಮೇಲೆ ಹೆಸರು ಹಾಕಬೇಡಿ. ಬೆನ್ನು, ಸೊಂಟ, ಕೊಕ್ಕು ಮೂರೂ ಕಾಣುವ ಫೋಟೋ ಹಾಕಿ, ಸೇರಿ ನೋಡೋಣ.

ಗುಂಪು ಹಾರಿದಾಗ ಹಿಂದೆ ಓಡಬೇಡಿ. ಬದುವಿನ ಜಾಲಿ ಗಿಡದ ಹತ್ತಿರ ಸುಮ್ನೆ ಕೂತರೆ ಅವೇ ಬಂದು ಕೂರುತ್ತವೆ. ಹೊಲದವರನ್ನು ಕೇಳದೆ ಒಳಗೆ ಕಾಲಿಡಬೇಡಿ. ಅವರಿಗೆ ಈ ಹಕ್ಕಿಗಳಿಂದ ಕಾಳು ನಷ್ಟ, ಕವಣೆ ಬೀಸುವವರ ಮೇಲೆ ಸಿಟ್ಟಾಗಬೇಡಿ.